ತಳದ ಹಿಟ್ಟು

ನನ್ನ ಬಾಯಿ ಜೋರು. ಇದನ್ನು ನಾನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಸ್ಕಿಯ ನಮ್ಮ ಓಣಿಯವರು ಯಾರಾದರೂ ಹೇಳುತ್ತಾರೆ. ಅಂಗನವಾಡಿಯಲ್ಲಿ ವರ್ಷಗಟ್ಟಲೆ ಮಕ್ಕಳನ್ನು ಸಾಲಾಗಿ ಕೂರಿಸಿದವಳು ನಾನು. ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ದೊಡ್ಡವರನ್ನೂ ಹಾಗೇ ಕೂರಿಸಹೋದೆ.

ಸೊಸೆ ಬಳಗಾನೂರಿನವಳು. ಕಾಲುವೆ ನೀರಿನ ಊರು. ಅವರ ಮನೆಯಲ್ಲಿ ಎರಡು ಹೊತ್ತೂ ಅನ್ನ. ನಮ್ಮದು ರೊಟ್ಟಿ ಮನೆ. ಜೋಳದ ರೊಟ್ಟಿ ಇಲ್ಲದಿದ್ದರೆ ನನ್ನ ಮಗನಿಗೆ ಉಂಡಂತೆಯೇ ಆಗುವುದಿಲ್ಲ. ಹಾಗೆಂದು ಅವನು ಎಂದೂ ಹೇಳಿದವನಲ್ಲ, ಹೇಳುತ್ತಿದ್ದವಳು ನಾನು. ಮದುವೆಯಾದ ವಾರದಲ್ಲೇ ಅವಳನ್ನು ರೊಟ್ಟಿಗೆ ಕೂರಿಸಿದೆ.

ನಮ್ಮಲ್ಲಿ ಒಂದು ಪದ್ಧತಿ. ಗಿರಣಿಯಿಂದ ಹೊಸ ಹಿಟ್ಟು ಬಂದಾಗ ಡಬ್ಬಿಯ ತಳದಲ್ಲಿ ಹಳೆಯದು ಉಳಿದಿರುತ್ತದಲ್ಲ, ಅದನ್ನು ಚೆಲ್ಲದೆ ಬೇರೆ ಡಬ್ಬಿಗೆ ಸುರಿದಿಡುತ್ತೇವೆ. ಹೊಸ ಡಬ್ಬಿ ಹಿರಿಯವಳ ಕೈಗೆ, ಹಳೆಯದು ಕಲಿಯುವವಳ ಕೈಗೆ. ಕೆಟ್ಟರೆ ಹಳೆಯದೇ ಕೆಡಲಿ ಎಂದು. ನನ್ನ ಅತ್ತೆಯೂ ನನಗೆ ಹೀಗೇ ಮಾಡಿದ್ದಳು. ಆದರೆ ಅವಳು ಒಂದು ತಿಂಗಳಿಗೆ ಹೊಸ ಡಬ್ಬಿ ನನ್ನ ಕಡೆ ಸರಿಸಿದ್ದಳು. ನಾನು ಒಂದೂವರೆ ವರ್ಷವಾದರೂ ಸರಿಸಿರಲಿಲ್ಲ.

ಹಳೆಯ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ, ಎಷ್ಟು ನಾದಿದರೂ ಕೂಡಿಕೊಳ್ಳದು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಿಜ ಹೇಳಬೇಕೆಂದರೆ, ನನ್ನ ದುಂಡನೆಯ ರೊಟ್ಟಿಯ ಪಕ್ಕದಲ್ಲಿ ಅವಳ ರೊಟ್ಟಿ ಸೀಳಿಕೊಂಡಾಗ ನನಗೆ ಒಳಗೊಳಗೇ ಹಿತವೆನಿಸುತ್ತಿತ್ತು.

ಒಂದು ದಿನ ನನ್ನ ಇಬ್ಬರು ತಂಗಿಯರು ಬಂದಿದ್ದರು. ಸೊಸೆಯ ರೊಟ್ಟಿ ತಟ್ಟುತ್ತಿದ್ದಂತೆ ಎರಡು ಹೋಳಾಯಿತು.

"ಹಿಟ್ಟ ಸರಿ ಇಲ್ರಿ ಅತ್ತಿ," ಎಂದಳು ಮೆಲ್ಲಗೆ.

"ಎಸರು ಕಡಿಮಿ ಆಗೈತಿ ಬೇ," ಎಂದೆ. ಎಸರೆಂದರೆ ಹಿಟ್ಟಿಗೆ ಹಾಕುವ ಕುದಿನೀರು. ಅಷ್ಟಕ್ಕೇ ಬಿಟ್ಟಿದ್ದರೆ ನಡೆಯುತ್ತಿತ್ತು. ಆ ಹೋಳುಗಳನ್ನು ಎತ್ತಿ ತಂಗಿಯರಿಗೆ ತೋರಿಸಿ, "ಕುಣಿಲಾರದಾಕಿ ಅಂಗಳ ಡೊಂಕ ಅಂದ್ಲಂತ!" ಎಂದೆ. ಅವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಸೊಸೆ ಉಳಿದ ಹಿಟ್ಟನ್ನು ಉಂಡೆ ಮಾಡಿಟ್ಟು ಕೈ ತೊಳೆದಳು.

ಮರುದಿನ "ಎರಡು ದಿನ ಅವ್ವನ ಕಡೆ ಹೋಗಿ ಬರ್ತೀನ್ರಿ" ಎಂದು ಹೋದವಳು ತಿಂಗಳಾದರೂ ಬರಲಿಲ್ಲ. ಮಗನನ್ನು ಕೇಳಿದರೆ ಹಾರಿಕೆಯ ಉತ್ತರ. ಅವನಿಗೆ ಲಿಂಗಸುಗೂರಿನಲ್ಲಿ ನೌಕರಿ, ದಿನಾ ಬಸ್ಸಿನ ಓಡಾಟ. ಕೊನೆಗೆ ಒಂದು ಭಾನುವಾರ ಬಾಯಿ ಬಿಟ್ಟ.

"ಯವ್ವಾ, ಆಕಿ ಈ ಮನಿಗೆ ಬರಂಗಿಲ್ಲ ಅನ್ನಾಕತ್ತಾಳ. ಲಿಂಗಸುಗೂರಾಗ ಒಂದು ಮನಿ ನೋಡಾಕತ್ತೀನಿ."

ಹೋಗಬೇಡಿ ಎನ್ನಬೇಕೆನಿಸಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ! "ಹೋಗ್ರಿ, ನಾ ಏನ್ ಬ್ಯಾಡ ಅಂದೀನಿ?" ಎಂದೆ. ಒಂದು ರೊಟ್ಟಿಗಾಗಿ ಮನೆ ಮುರಿಯುವವಳು ಎಂಥ ಹೆಣ್ಣು ಎಂದು ಅವಳನ್ನೇ ಬೈದುಕೊಂಡು ಅಡುಗೆಮನೆಗೆ ಹೋದೆ.

ಆ ವಾರ ಹೊಸ ಡಬ್ಬಿ ಖಾಲಿಯಾಗಿತ್ತು, ಗಿರಣಿ ರಿಪೇರಿಗೆಂದು ಮುಚ್ಚಿತ್ತು. ಅವಳ ಡಬ್ಬಿಯಿಂದ ಎರಡು ಬೊಗಸೆ ಹಿಟ್ಟು ತೆಗೆದು, ಎಸರು ಹಾಕಿ, ಚೆನ್ನಾಗಿ ನಾದಿ ತಟ್ಟಿದೆ. ಅಂಗೈಯಗಲ ಆಗುವುದರೊಳಗೆ ಅಂಚು ಸೀಳಿತು. ಮತ್ತೆ ನಾದಿದೆ, ಮತ್ತೆ ಸೀಳಿತು. ಮೂರನೆಯದು ಹೋಳಾದಾಗ ಸಿಟ್ಟು ನೆತ್ತಿಗೇರಿ, "ಥೂ, ಹಿಟ್ಟ ಸರಿ ಇಲ್ಲ!" ಎಂದೆ.

ಅಂದವಳು ಹಾಗೇ ಕೂತುಬಿಟ್ಟೆ. ಅದೇ ಮಾತು. ನನ್ನನ್ನು ನೋಡಿ ನಗಲು ಅಲ್ಲಿ ಯಾರೂ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಒಂದೂವರೆ ವರ್ಷ ಆ ಹುಡುಗಿ ದಿನಾ ಬೆಳಿಗ್ಗೆ ಇದೇ ಹಿಟ್ಟಿನ ಮುಂದೆ ಕೂತಿದ್ದಳಲ್ಲ ಎಂದು ನೆನೆದಾಗ ಅಳು ಬಂತು. ಅವಳ ಮೇಲಿನ ಕನಿಕರಕ್ಕಿಂತ ನನ್ನ ಮೇಲಿನ ನಾಚಿಕೆಗೆ ಹೆಚ್ಚು ಅತ್ತೆ.

ಮರುದಿನ ಆ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಬಳಗಾನೂರಿನ ಬಸ್ ಹತ್ತಿದೆ. ಬೀಗತಿ ಬಾಗಿಲಲ್ಲೇ ಗಾಬರಿಯಾದಳು. "ಬರ್ರಿ ಬೀಗ್ತಿ, ಕುಂದರ್ರಿ" ಎಂದು ನೀರು ಕೊಟ್ಟಳು. ಸೊಸೆ ಒಳಗಿನ ಬಾಗಿಲಿಗೆ ಆತು ನಿಂತಿದ್ದಳು.

"ಒಂದು ಪರಾತ ಕೊಡವಾ. ಎಸರಿಗೂ ಇಡು," ಎಂದೆ.

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಅವರಿಬ್ಬರ ಮುಂದೆಯೇ ಪರಾತದಲ್ಲಿ ಹಿಟ್ಟು ನಾದಿ ತಟ್ಟಿದೆ. ರೊಟ್ಟಿ ಹೋಳಾಯಿತು. ಎತ್ತಿ ಬೀಗತಿಗೆ ತೋರಿಸಿದೆ. "ನೋಡ್ರಿ, ಅಂಗಳಾನ ಡೊಂಕಿತ್ತು. ನಿಮ್ಮ ಮಗಳ ತಪ್ಪಿಲ್ಲ. ಆಕಿಗೆ ಹಳೇ ಹಿಟ್ಟು ಕೊಟ್ಟಾಕಿ ನಾನು."

ಸೊಸೆ ನನ್ನೆದುರು ಬಂದು ಕೂತಳು. "ನನಗ ಗೊತ್ತಿತ್ರಿ ಅತ್ತಿ," ಎಂದಳು. "ಎರಡು ಡಬ್ಬಿ ಅದಾವ ಅಂತ ಮೊದಲನೇ ವಾರದಾಗ ಗೊತ್ತಾಗಿತ್ತು."

"ಮತ್ತ ಬಾಯಿಬಿಟ್ಟು ಯಾಕ ಹೇಳಲಿಲ್ಲ ಬೇ?"

"ಹೇಳಿದ್ನಲ್ರಿ. ನೀವು ಎಲ್ಲಾರೂ ನಕ್ಕಿರಿ."

"ತಪ್ಪಾತು ತಂಗಿ," ಎಂದೆ. ನನಗಿಂತ ಚಿಕ್ಕವರಿಗೆ ಈ ಮಾತು ಹೇಳಿದ್ದು ಅದೇ ಮೊದಲು.

ಅವಳು ಎದ್ದಳು. ಪರಾತದ ಹಿಟ್ಟನ್ನು ಬಳಿದು ಹಿತ್ತಲಿನ ಎಮ್ಮೆಗೆ ಹಾಕಿ ಬಂದಳು. ಡಬ್ಬಿಯಲ್ಲಿ ಉಳಿದದ್ದನ್ನೂ ಹಾಕಿದಳು. ಡಬ್ಬಿ ತೊಳೆದು ಬಿಸಿಲಿಗೆ ಬೋರಲಿಟ್ಟಳು. ಆಮೇಲೆ ನನಗೆ ಬಿಸಿ ಅನ್ನ, ಸಾರು ಬಡಿಸಿ, "ಮೊದಲ ಉಣ್ರಿ, ಬಸ್ಸಿಗಿನ್ನ ಹೊತ್ತೈತಿ," ಎಂದಳು. ಒಬ್ಬಳೇ ಹಿಂತಿರುಗಬೇಕಾಗುತ್ತದೆ ಎಂದುಕೊಂಡೇ ಉಂಡೆ. ಕೈ ತೊಳೆದು ಬಂದಾಗ ಅವಳು ಚೀಲ ಹಿಡಿದು, ಒಣಗಿದ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಅಂಗಳದಲ್ಲಿ ನಿಂತಿದ್ದಳು.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮಸ್ಕಿ ಹತ್ತಿರ ಬಂದಾಗ ಕೇಳಿದಳು: "ಮನ್ಯಾಗ ಜ್ವಾಳ ಅದಾವೇನ್ರಿ?"

"ಅದಾವ."

"ಇನ್ನ ಮುಂದ ಗಿರಣಿಗೆ ನಾನ ಒಯ್ತೀನ್ರಿ. ಸ್ವಲ್ಪ ಸ್ವಲ್ಪ ಬೀಸಿಸ್ತೀನಿ."

"ಒಯ್ಯಿ," ಎಂದೆ.