ಎರಡೂವರೆಯ ಹಬ್ಬದೂಟ

ಶಿವಮೊಗ್ಗದ ನಮ್ಮ ಬಡಾವಣೆಯ ಸಂಘದವರು ತಮ್ಮ ಸಂಚಿಕೆಗೆ ಭದ್ರಾವತಿಯ ಇತಿಹಾಸ, ಸಂಸ್ಕೃತಿಯ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಕೇಳಿ ಹದಿನೈದು ದಿನವಾಯಿತು. ಟೀಚರ್ ಆಗಿದ್ದವಳಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ಇನ್ನೂ ಕೆಲವರಲ್ಲಿ ಉಳಿದಿದೆ. ಮೂವತ್ತು ವರ್ಷ ಭದ್ರಾವತಿಯಲ್ಲಿ ಮಕ್ಕಳಿಗೆ ಸಮಾಜ ಪಾಠ ಹೇಳಿದ ನಾನು ಒಳಗೊಳಗೇ ಬೀಗುತ್ತ ಒಪ್ಪಿಕೊಂಡೆ. ಬರೆಯಲು ಕುಳಿತರೆ ನೆನಪಾಗುವುದು ಮಾತ್ರ ಒಂದೇ, ಮಧ್ಯಾಹ್ನದ ಊಟದ ಹೊತ್ತು.

ಊರಿಗೆ ಇತಿಹಾಸವೇನೂ ಕಡಿಮೆಯಿಲ್ಲ. ಹಳೇ ಊರಿನಲ್ಲಿ ಹೊಯ್ಸಳರ ಕಾಲದ ನರಸಿಂಹನ ಗುಡಿಯಿದೆ. ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರು ಬಂತು, ಘಟ್ಟದ ಕೆಳಗಿನಿಂದ ಮೀನಿನ ಲಾರಿ ಬಂತು, ತಮಿಳು ಸೀಮೆಯಿಂದ, ತೆಲುಗು ಸೀಮೆಯಿಂದ ಜನ ಬಂದರು. ನ್ಯೂ ಟೌನಿನ ನಮ್ಮ ಬೀದಿಯಲ್ಲಿ ‘ನಿಮ್ಮೂರು ಯಾವುದು?’ ಎಂದು ಕೇಳಿದರೆ ಭದ್ರಾವತಿ ಎಂದವರೇ ಇಲ್ಲ. ಹೀಗೆ ಕಂಡಕಂಡ ಕಡೆಯಿಂದ ಬಂದು ಸೇರಿದವರಿಗೆ ಒಂದು ಸಂಸ್ಕೃತಿ ಎಂಬುದಿದ್ದರೆ, ಅದು ಬಂದದ್ದು ಕಾರ್ಖಾನೆಯ ಶಿಫ್ಟಿನಿಂದ.

ಕುಲುಮೆಗೆ ಹಬ್ಬ ಹುಣ್ಣಿಮೆ ಗೊತ್ತಿಲ್ಲ. ಯುಗಾದಿಯಿರಲಿ, ಕ್ರಿಸ್‌ಮಸ್ ಇರಲಿ, ಯಾರಾದರೊಬ್ಬರು ಅದರ ಮುಂದೆ ನಿಂತಿರಲೇಬೇಕು. ಹಾಗಾಗಿ ನಮ್ಮ ಬೀದಿಯಲ್ಲಿ ಪಂಚಾಂಗ ನೋಡಿ ಹಬ್ಬ, ಶಿಫ್ಟು ನೋಡಿ ಊಟ. ಮಧ್ಯಾಹ್ನ ಎರಡಕ್ಕೆ ಕೆಲಸಕ್ಕೆ ಹೋಗಬೇಕಾದವರ ಮನೆಯಲ್ಲಿ ಹನ್ನೊಂದಕ್ಕೇ ಎಲೆ ಹಾಕುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಮಲಗಿದವರ ಮನೆಯಲ್ಲಿ ಯಜಮಾನರು ಏಳುವ ಒಂದು ಗಂಟೆಗೆ. ಬೆಳಗಿನ ಆರಕ್ಕೆ ಹೋದವರ ಮನೆಯಲ್ಲಿ, ಅವರು ಬಂದು ಸ್ನಾನ ಮಾಡಿದ ಮೇಲೆ ಎರಡೂವರೆಗೆ. ಬೀದಿಯ ಮಕ್ಕಳು ಮೂರೂ ಪಂಕ್ತಿಗೆ ಹಾಜರಾಗಿ, ಸಂಜೆ ಹೊಟ್ಟೆ ಹಿಡಿದುಕೊಂಡು ಓಡಾಡುತ್ತಿದ್ದವು.

ನಮ್ಮದು ಯಾವಾಗಲೂ ಎರಡೂವರೆ. ನಮ್ಮವರು ಹಬ್ಬದ ದಿನ ಬೇರೆಯವರ ಪಾಳಿಯನ್ನಾದರೂ ಬದಲಾಯಿಸಿಕೊಂಡು ಬೆಳಗಿನ ಶಿಫ್ಟಿಗೇ ಹೋಗುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಾನು ಮುಖ ಊದಿಸಿಕೊಂಡಿದ್ದುಂಟು. ಅವರೇನೋ ಸಲೀಸಾಗಿ ಹೇಳಿದ್ದರು, “ಮಕ್ಕಳಿರೋರು ಬೆಳಿಗ್ಗೆ ಮನೇಲಿರ್ಲಿ ಬಿಡೆ. ಎಣ್ಣೆಸ್ನಾನ, ಹೊಸಬಟ್ಟೆ ಎಲ್ಲಾ ಇರುತ್ತೆ. ನಮ್ಗೇನು?” ನಮಗೆ ಮಕ್ಕಳಿರಲಿಲ್ಲ. ಆ ಮಾತು ಆಡಿದ್ದು ಅವರು ಅದೊಂದೇ ಸಲ. ಆಮೇಲೆ ಪ್ರತಿ ಹಬ್ಬಕ್ಕೂ ನಾನು ಎರಡೂವರೆಯವರೆಗೆ ಹಸಿದುಕೊಂಡು ಕಾಯುತ್ತಿದ್ದೆ. ಅದು ನಮ್ಮಿಬ್ಬರ ಹಬ್ಬ.

ಅವರು ತೀರಿಕೊಂಡರು. ಕ್ವಾರ್ಟರ್ಸ್ ಬಿಟ್ಟುಕೊಟ್ಟೆ. ಶಿವಮೊಗ್ಗಕ್ಕೆ ಬಂದು ವಿನೋಬನಗರದ ಒಂದು ಮನೆಯ ಮಹಡಿಯಲ್ಲಿ ಎರಡು ಕೋಣೆ ಹಿಡಿದು ಎರಡು ವರ್ಷವಾಯಿತು. ಹೊಟ್ಟೆ ಮಾತ್ರ ಊರು ಬದಲಾಯಿಸಲು ಒಪ್ಪಲಿಲ್ಲ. ಹಬ್ಬ ಬಂತೆಂದರೆ ಎರಡೂವರೆಗೆ ಮೊದಲು ಅದಕ್ಕೆ ಹಸಿವೇ ಆಗುವುದಿಲ್ಲ. ಇನ್ನೊಂದು ಕೆಟ್ಟ ಅಭ್ಯಾಸವೆಂದರೆ ಬೀದಿಗೆಲ್ಲ ಆಗುವಷ್ಟು ಹೋಳಿಗೆ ಮಾಡುವುದು. ನಿಜ ಹೇಳಬೇಕೆಂದರೆ, ಹಬ್ಬದ ದಿನ ಒಬ್ಬಳೇ ಉಣ್ಣುವುದು ನನಗೆ ಬಹಳ ಕಷ್ಟ. ಉಳಿದ ದಿನ ರೇಡಿಯೊ ಹಾಕಿಕೊಂಡು ಹೇಗೋ ಉಂಡೇಳುತ್ತೇನೆ. ಹಬ್ಬದ ದಿನ ತುತ್ತು ಇಳಿಯುವುದಿಲ್ಲ. ಆದರೆ ‘ಬನ್ನಿ, ನನ್ನ ಜೊತೆ ಊಟ ಮಾಡಿ’ ಎಂದು ಹೊಸ ಊರಿನಲ್ಲಿ ಯಾರನ್ನು ಕರೆಯುವುದು?

ಅದೇ ಮಹಡಿಯ ಎದುರು ಮನೆಯಲ್ಲಿ ಶಾಂತಕ್ಕ ಇದ್ದಾರೆ. ಕುಂಸಿಯ ಕಡೆಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು, ನನ್ನ ಹಾಗೇ ಒಂಟಿ. ಈ ಸಲದ ಯುಗಾದಿಯ ದಿನ ಹನ್ನೆರಡರ ಹೊತ್ತಿಗೆ ಬೇವು ಬೆಲ್ಲ ಹಿಡಿದುಕೊಂಡು ಬಂದರು.

“ಊಟಕ್ಕೆ ಎಷ್ಟೊತ್ತು ಟೀಚರೇ?”

“ಎರಡೂವರೆ ಆಗುತ್ತೆ ಶಾಂತಕ್ಕ.”

ಅವರು ಗುಡ್ಡೆಯಾಗಿದ್ದ ಹೋಳಿಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಆಗ್ಲಿ, ಆಗ್ಲಿ” ಎಂದು ಹೊರಟರು. ಒಂದು ಡಬ್ಬಿ ತುಂಬಾ ಹೋಳಿಗೆ ಕೊಟ್ಟು ಕಳುಹಿಸಿ, ದೊಡ್ಡ ಉಪಕಾರ ಮಾಡಿದವಳಂತೆ ಬಾಗಿಲು ಹಾಕಿಕೊಂಡೆ. ಎರಡೂವರೆಗೆ ಸರಿಯಾಗಿ ಒಬ್ಬಳೇ ಕುಳಿತು ಅರ್ಧ ಹೋಳಿಗೆ ತಿಂದು, ಉಳಿದದ್ದನ್ನು ಮುಚ್ಚಿಟ್ಟು, ಸ್ವಲ್ಪ ಅತ್ತೆ.

ಸಂಜೆ ಡಬ್ಬಿ ವಾಪಸು ಕೊಡಲು ಬಂದ ಶಾಂತಕ್ಕ ಒಳಗೆ ಇಣುಕಿ, “ನೆಂಟ್ರು ಹೊರಟ್ರಾ?” ಎಂದರು.

“ಯಾವ ನೆಂಟ್ರು?”

“ಮತ್ತೆ ಅಷ್ಟು ಹೋಳಿಗೆ? ಹಬ್ಬದ ದಿನ ಎರಡೂವರೆ ತನಕ ಯಾರು ಕಾಯ್ತಾರೆ ಮಾರಾಯ್ರೆ? ದೂರದಿಂದ ಯಾರೋ ಬರ್ತಿದ್ದಾರೆ ಅಂದ್ಕೊಂಡೆ. ನಿಮ್ಮನ್ನ ಊಟಕ್ಕೆ ಕರೆಯೋಕೇ ಬಂದಿದ್ದೆ. ಸುಮ್ನೆ ಹೋದೆ.”

“ನೀವು ಯಾರ ಜೊತೆ ಊಟ ಮಾಡಿದ್ರಿ?”

“ನನಗ್ಯಾರಿದ್ದಾರೆ? ಒಬ್ಳೇ ಉಂಡೆ.”

ಎದುರುಬದುರು ಎರಡು ಬಾಗಿಲು, ನಡುವೆ ನಾಲ್ಕು ಹೆಜ್ಜೆ. ಬಂದ ಅತಿಥಿಯನ್ನು ನಾನೇ ಶಿಫ್ಟಿನ ಲೆಕ್ಕ ಹೇಳಿ ಹಿಂದಕ್ಕೆ ಕಳುಹಿಸಿದ್ದೆ. ಕಾರ್ಖಾನೆಯ ಶಿಫ್ಟಿಗೂ ನನ್ನ ಊಟಕ್ಕೂ ಇನ್ನು ಯಾವ ಸಂಬಂಧವೂ ಇಲ್ಲವೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಒಪ್ಪಿಕೊಂಡಿರಲಿಲ್ಲ, ಅಷ್ಟೆ. ಹೊತ್ತಿಗೆ ಮೊದಲೇ ಉಂಡರೆ ನಮ್ಮವರನ್ನು ಬಿಟ್ಟು ಉಂಡಂತೆ ಎಂದು ಮನಸ್ಸು ಹೇಳುತ್ತಿತ್ತು.

ದೀಪಾವಳಿಗೆ, ಇಲ್ಲಿಯವರು ದೊಡ್ಡ ಹಬ್ಬ ಎನ್ನುವ ದಿನ, ಹನ್ನೆರಡೂವರೆಗೇ ಹೋಳಿಗೆಯ ಡಬ್ಬಿ ಹಿಡಿದು ಶಾಂತಕ್ಕನ ಬಾಗಿಲು ತಟ್ಟಿದೆ. ಮೊದಲೇ ಹೇಳಿರಲಿಲ್ಲ. ಹೇಳಿದರೆ ಕೊನೆಗಳಿಗೆಯಲ್ಲಿ ನನ್ನ ಧೈರ್ಯ ಕೈಕೊಡುತ್ತದೆಂದು ಭಯ. ಹಸಿವು ಚೂರೂ ಇರಲಿಲ್ಲ.

ಬಾಗಿಲು ತೆರೆದ ಶಾಂತಕ್ಕ ಗಾಬರಿಯಾದರು. “ಅಯ್ಯೋ, ಈಗ್ಲೇ ಬಂದ್ಬಿಟ್ರಾ! ನಿಮ್ದು ಎರಡೂವರೆ ಅಂತ ನಾನಿನ್ನೂ ಅಕ್ಕೀನೇ ತೊಳೆದಿಲ್ಲ. ಎರಡು ಗಂಟೆಗೆ ಕರೆಯೋಕೆ ಬರೋಳಿದ್ದೆ.” ಹನ್ನೆರಡಕ್ಕೆಲ್ಲ ಉಂಡು ರೂಢಿಯಾದ ಅವರ ಮುಖ ಹಸಿವಿನಿಂದ ಬಾಡಿತ್ತು.

“ಈಗ್ಲೇ ಇಡೋಣ ಬಿಡಿ ಶಾಂತಕ್ಕ” ಎಂದೆ.

“ಬೇಡ, ಒಂದಿನ ನಿಮ್ ಹೊತ್ತಿಗೇ ಉಂಡು ನೋಡ್ತೀನಿ” ಎಂದು ನನ್ನನ್ನು ಅಡುಗೆಮನೆಗೆ ಕರೆದು ಮಣೆ ಹಾಕಿದರು. ಅಕ್ಕಿಯ ಪಾತ್ರೆಯನ್ನು ಮುಂದಿಟ್ಟುಕೊಂಡು ಕುಳಿತು, “ಯಜಮಾನ್ರು ಹೇಗಿದ್ರು ಟೀಚರೇ? ಸಿಟ್ಟಿನೋರಾ?” ಎಂದು ಕೇಳಿದರು.

ಶಿವಮೊಗ್ಗಕ್ಕೆ ಬಂದ ಮೇಲೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾನು ಹೇಳತೊಡಗಿದೆ. ಅಂದು ಅನ್ನಕ್ಕೆ ಇಟ್ಟಾಗ ಮೂರು ಗಂಟೆ ದಾಟಿತ್ತು.