ಒಳಕಲ್ಲು ತೀರ್ಥಕ್ಕಿಳಿದ ವಲ್ಲಿ

ಶಿವಗಂಗೆ ಬೆಟ್ಟದಲ್ಲಿ ನನ್ನ ಹೆಗಲ ಮೇಲಿನ ಹೊಸ ವಲ್ಲಿ ಕೈಬಿಟ್ಟು ಹೋಯಿತು. ಯುದ್ಧದ ಕಾಲ, ಬಟ್ಟೆ ಸಿಗುವುದೇ ಕಷ್ಟ. ದೊಡ್ಡಬಳ್ಳಾಪುರದಲ್ಲಿ ಮಧ್ಯಾಹ್ನವೆಲ್ಲ ಚೌಕಾಸಿ ಮಾಡಿ ತಂದದ್ದು. ಆದರೂ ಕೊಟ್ಟೆ. ಯಾಕೆಂದರೆ ಒಳಕಲ್ಲು ತೀರ್ಥದ ಬಂಡೆಯ ಕುಳಿಯಿಂದ ಕೈ ತೆಗೆದ ಪುಟ್ಟ ಹುಡುಗಿಯೊಬ್ಬಳು ಒದ್ದೆಯಾಗದ ಬೆರಳು ನೋಡಿಕೊಂಡು ಬಿಕ್ಕಿಬಿಕ್ಕಿ ಅಳುತ್ತಿದ್ದಳು.

ಪುಣ್ಯವಂತರ ಕೈಗೆ ಅಲ್ಲಿ ನೀರು ಸಿಗುತ್ತದೆ ಅನ್ನುವುದು ಎಲ್ಲರ ನಂಬಿಕೆ. ಅವಳಂತೆ ಅಲ್ಲಿನ ಮಂಟಪದಲ್ಲಿ ಮಲಗುವ ದಿಕ್ಕಿಲ್ಲದ ಮಕ್ಕಳ ಗುಟ್ಟೇ ಬೇರೆ. ಅವರಲ್ಲಿ ದೊಡ್ಡವಳು ನನ್ನ ಕಿವಿಯಲ್ಲಿ ಹೇಳಿದಳು: "ನೀರು ಸಿಕ್ಕಿದ್ರೆ ಅವ್ವ ಎಲ್ಲೋ ಬದುಕವ್ಳೆ ಅಂತ. ಯಾರ್ಗೂ ಹೇಳ್ಬ್ಯಾಡಿ ಕಣಣ್ಣೋ."

ಮಗುವಿನ ಕೈ ಗಿಡ್ಡ, ಅಷ್ಟೇ. ವಲ್ಲಿಯ ಒಂದು ತುದಿಯನ್ನು ಅವಳ ಮುಷ್ಟಿಗೆ ಕೊಟ್ಟು, ಉಳಿದದ್ದನ್ನು ಕುಳಿಗೆ ಇಳಿಬಿಡು ಅಂದೆ.

"ಬಟ್ಟೆಗೆ ಸಿಕ್ಕಿದ್ದು ಲೆಕ್ಕಕ್ಕಿಲ್ಲ!" ದೊಡ್ಡವಳು ಅಡ್ಡ ಬಂದಳು.

"ಸೆರಗು ಹಿಡ್ಕೊಂಡ್ರೆ ಅವ್ವನ್ನೇ ಹಿಡ್ಕೊಂಡಂಗಲ್ವೇನವ್ವಾ?" ಅಂದೆ.

ಅವಳು ಕುಳಿಯನ್ನೂ ನನ್ನನ್ನೂ ನೋಡಿ, "ಹಂಗಾದ್ರೆ ಸರಿ" ಅಂದಳು. ವಲ್ಲಿ ತೊಟ್ಟಿಕ್ಕುತ್ತ ಮೇಲೆ ಬಂತು. ಮಗು ಅದನ್ನು ಮುಖಕ್ಕೆ ಒತ್ತಿಕೊಂಡಿತು. ವಾಪಸ್ಸು ಕೇಳಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ಅಂಗಡಿ ಇಟ್ಟು ಎಷ್ಟೋ ವಲ್ಲಿ ಮಾರಿದೆ, ನೆನಪಾಗುವುದು ಅದೊಂದೇ. ಆ ಮಕ್ಕಳೀಗ ಅಜ್ಜಿಯರಾಗಿರಬೇಕು, ಗುಟ್ಟು ಹೇಳಿದೆನೆಂದು ಬೈಯಲಾರರು. ನೀವು ಶಿವಗಂಗೆಗೆ ಹೋದರೆ ಉದ್ದನೆಯ ವಲ್ಲಿ ಹೊದ್ದು ಹೋಗಿ. ನೀರು ಸಿಗದಿದ್ದರೆ ಸುಮ್ಮನೆ ಇಳಿದು ಬನ್ನಿ, ಸಿಗಲಿಲ್ಲ ಎಂದು ಗಟ್ಟಿಯಾಗಿ ಹೇಳಬೇಡಿ. ಪಕ್ಕದಲ್ಲಿ ಯಾವ ಮಗು ನಿಂತಿರುತ್ತದೋ.