ಅಕ್ಕ, ತಮ್ಮ, ಒಬ್ಬರೇ ಲಾಯರು

ಬರೆದು ಅಭ್ಯಾಸವಿಲ್ಲ, ಹೇಳುವುದು ಹಿಂದುಮುಂದಾದರೆ ಕ್ಷಮಿಸಿ. ನಾನು ನಂಜನಗೂಡಿನ ವಕೀಲರೊಬ್ಬರ ಗುಮಾಸ್ತ. ಗುಮಾಸ್ತನೆಂದರೆ ವಕೀಲನಲ್ಲ, ಅವರ ಫೈಲು ಹೊರುವವನು. ಟಿ. ನರಸೀಪುರದ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಆ ಫೈಲು ನೋಡಿ ಕೇಳಿದರು:

"ಸಾ, ಅಪ್ಪನ್ ಜಮೀನಲ್ಲಿ ಪಾಲು ಬ್ಯಾಡ ಅಂತ ಸೈನ್ ಆಕು ಅಂತಾವ್ನೆ ನನ್ ತಮ್ಮ. ಆಕ್ಬುಡ್ಲಾ?"

"ಹೆಣ್ಣುಮಕ್ಕಳಿಗೂ ಪಾಲಿದೆ ಕಣಮ್ಮ. ಸೈನ್ ಹಾಕೋ ಮುಂಚೆ ಲಾಯರನ್ನ ಕೇಳಿ."

"ಲಾಯರ್ನ ಕೇಳುದ್ರೆ ತಮ್ಮನ್ ಮ್ಯಾಲೆ ಕೇಸ್ ಆಕ್ದಂಗಲ್ವಾ? ಆಮ್ಯಾಕೆ ಗೌರಿ ಅಬ್ಬಕ್ಕೆ ಕರ್ಯಕ್ಕೆ ಬತ್ತಾನಾ ಅವ್ನು?"

ಕೇಳುವುದು ಬೇರೆ, ಕೇಸು ಹಾಕುವುದು ಬೇರೆ ಎಂದು ಅವರು ಇಳಿಯುವವರೆಗೂ ಬಿಡಿಸಿ ಹೇಳಿದೆ. ನಮ್ಮ ಆಫೀಸಿನ ಗುರುತನ್ನೂ ಹೇಳಿದೆ.

ಇವತ್ತು ಬಂದಿದ್ದಾರೆ, ತಮ್ಮನ ಬೈಕಿನಲ್ಲೇ, ತಮ್ಮನ ಜೊತೆಗೇ.

"ಕದ್ದು ಕೇಳಕ್ಕೆ ಮನ್ಸು ಬರ್ನಿಲ್ಲ ಸಾ. ಇಬ್ರಿಗೂ ಒಬ್ರೇ ಲಾಯರ್ ಸಾಕು, ಒಂದೇ ಮನೆಯೋರಲ್ವಾ?"

"ಊಂ ಸಾ, ಅಕ್ಕನ್ ಲಾಯರ್ರೇ ನಂಗೂ," ಎಂದ ತಮ್ಮ.

ಪಾಲಿನ ವಿಷಯದಲ್ಲಿ ಹಾಗೆ ಇಬ್ಬರಿಗೂ ಒಬ್ಬರೇ ವಕೀಲರಾಗುವುದು ಸರಿಯಲ್ಲ. ಯಾಕೆಂದರೆ, ಅಕ್ಕನಿಗೆ ಒಳ್ಳೆಯದಾಗುವ ಸಲಹೆ ತಮ್ಮನಿಗೆ... ತಾಳಿ, ಒಳಗಿಂದ ನಮ್ಮ ವಕೀಲರು ಕೂಗುತ್ತಿದ್ದಾರೆ. ಅಕ್ಕ-ತಮ್ಮ ಇಬ್ಬರನ್ನೂ ಒಟ್ಟಿಗೇ ಕೂರಿಸಲು ಇನ್ನೊಂದು ಕುರ್ಚಿ ಬೇಕಂತೆ.